ಮಾಟುಂಗದ ನಂಟು

ಮುಂಬಯಿಯಲ್ಲಿರುವ ನಮ್ಮ ಊರಿನ ಕಡೆಯವರು ಒಬ್ಬೊಬ್ಬರಾಗಿ ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಿಗೆ ಮನೆ ಬದಲಿಸಿದ ಮೇಲೆ ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇನ್ನೂ ಆ ಹಳೇ ಬಿಲ್ಡಿಂಗಿನಲ್ಲೇ ಇದ್ದೀರಾ?" ಅವರು ಕಾಳಜಿಯಿಂದಲೇ ಕೇಳುತ್ತಾರೆ. ಮಾವನವರು ಮಾಲೀಕರಿಗೆ ಪಗಡಿ, ಅಂದರೆ ಒಂದೇ ಸಲದ ದೊಡ್ಡ ಮೊತ್ತ, ಕೊಟ್ಟು ಕಾಯಂ ಬಾಡಿಗೆಗೆ ಹಿಡಿದ ಮಾಟುಂಗದ ನಮ್ಮ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ರಸ್ತೆಯ ಕಡೆಗೊಂದು ಬಾಲ್ಕನಿ, ಇಷ್ಟೇ ಇರುವುದು. ಲಿಫ್ಟ್ ಇಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ, ಮಳೆಗಾಲದಲ್ಲಿ ಪಶ್ಚಿಮದ ಗೋಡೆ ತೇವ ಹಿಡಿಯುತ್ತದೆ. ಇದರ ಹಕ್ಕು ಬಿಟ್ಟುಕೊಟ್ಟರೆ ಬರುವ ಹಣದಲ್ಲಿ ದೂರದ ಉಪನಗರದಲ್ಲಿ ಇದಕ್ಕಿಂತ ದೊಡ್ಡ ಮನೆಯೂ ಅದರ ಜೊತೆಗೆ ಈಜುಕೊಳ, ವ್ಯಾಯಾಮಶಾಲೆಗಳೂ ಸಿಗುತ್ತವೆ ಎಂಬುದು ನನಗೂ ಗೊತ್ತು. ಆದರೂ ಇಲ್ಲಿಂದ ಕದಲಲು ನಾನು ಏಕೆ ಒಪ್ಪುವುದಿಲ್ಲ ಎಂಬುದನ್ನು ಒಮ್ಮೆ ಸಮಾಧಾನವಾಗಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇಷ್ಟು ದೊಡ್ಡ ಶಹರದಲ್ಲಿ, ಮನೆಯಿಂದ ನಡೆದು ಹೋಗಬಹುದಾದ ದೂರದೊಳಗೆ, ನಾನು ಎರಡು ದಿನ ಕಾಣಿಸದಿದ್ದರೆ ಅದನ್ನು ಗಮನಿಸಿ ವಿಚಾರಿಸುವ ಹತ್ತಾರು ಜನರಿದ್ದಾರೆ, ಮತ್ತು ಅವರಲ್ಲಿ ಒಬ್ಬರೂ ನನ್ನ ಬಂಧುಗಳಲ್ಲ. ನಾನು ಇಲ್ಲಿಯೇ ಉಳಿದಿರುವುದು ಅವರಿಗಾಗಿ.

ಈ ಆಪ್ತತೆ ತನ್ನಷ್ಟಕ್ಕೆ ಹುಟ್ಟಿದ್ದಲ್ಲ, ಅದಕ್ಕೊಂದು ಇತಿಹಾಸವಿದೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿದಾಗ ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸಾವಿರಗಟ್ಟಲೆ ಸತ್ತರು. ಆ ಆಘಾತದಿಂದ ಎಚ್ಚೆತ್ತ ಸರ್ಕಾರ 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ನಗರದ ಉತ್ತರದ ಅಂಚಿನ ಜಮೀನುಗಳನ್ನು ವಶಪಡಿಸಿಕೊಂಡು, ತಗ್ಗುಗಳನ್ನು ತುಂಬಿಸಿ, ಅಗಲವಾದ ರಸ್ತೆಗಳನ್ನು ಎಳೆದು ಆ ಟ್ರಸ್ಟ್ ರೂಪಿಸಿದ ದಾದರ್, ಮಾಟುಂಗ, ಸಯನ್ ಬಡಾವಣೆಗಳಲ್ಲಿ ನಮ್ಮದೂ ಸೇರಿದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳನ್ನು ಬಲ್ಲವರಿಗೆ ಈ ಕತೆ ಹೊಸದೇನಲ್ಲ. 1898ರಲ್ಲಿ ಅಲ್ಲಿಗೂ ಪ್ಲೇಗ್ ತಲಪಿದಾಗ ಜನ ಪೇಟೆಯ ಇಕ್ಕಟ್ಟನ್ನು ಬಿಟ್ಟು ಹೊರಗೆ ಬಂದು ಕಟ್ಟಿಕೊಂಡ ಬಡಾವಣೆಗಳು ಅವು. ಮಾಟುಂಗದ ರಸ್ತೆಗಳ ಅಗಲ, ಎರಡು ಕಟ್ಟಡಗಳ ನಡುವೆ ಬಿಡಬೇಕಾದ ಜಾಗ, ಕಟ್ಟಡಗಳ ಎತ್ತರ ಇವೆಲ್ಲವೂ ಗಾಳಿ ಬೆಳಕಿನ ಲೆಕ್ಕದಲ್ಲಿ ಮೊದಲೇ ನಿಗದಿಯಾಗಿದ್ದವು. ರೋಗವನ್ನು ದೂರವಿಡಲು ಹಾಕಿದ ಆ ಲೆಕ್ಕವೇ ಮನುಷ್ಯರನ್ನು ಹತ್ತಿರ ತಂದಿತೆಂದು ನನಗೆ ಅನ್ನಿಸುತ್ತದೆ.

ಹೇಗೆಂದು ಹೇಳುತ್ತೇನೆ. ಇಲ್ಲಿನ ಹಳೆಯ ಕಟ್ಟಡಗಳಿಗೆ ನೆಲಮಹಡಿಯ ಮೇಲೆ ಎರಡು, ಹೆಚ್ಚೆಂದರೆ ಮೂರು ಮಹಡಿ. ಬಾಲ್ಕನಿಯಲ್ಲಿ ನಿಂತವರ ಮುಖ ಕೆಳಗೆ ಹೋಗುವವರಿಗೆ ಗುರುತು ಸಿಗುತ್ತದೆ. ಕೆಳಗಿನವರು ಕೂಗಿದ್ದು ಮೇಲಿನವರಿಗೆ ಕೇಳಿಸುತ್ತದೆ. ತಳ್ಳುಗಾಡಿಯವನು ಬಂದರೆ ಮೂರನೆಯ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿಯನ್ನು ಇಳಿಬಿಡುವ ಅಜ್ಜಿಯರು ನಮ್ಮ ರಸ್ತೆಯಲ್ಲಿ ಇನ್ನೂ ಇದ್ದಾರೆ. ಲಿಫ್ಟ್ ಇಲ್ಲದಿರುವುದರಿಂದ ಎಲ್ಲರೂ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯಬೇಕು, ಏದುಸಿರು ಬಿಡುತ್ತ ತಿರುವಿನಲ್ಲಿ ನಿಲ್ಲಬೇಕು, ನಿಂತಾಗ ಎದುರಿಗೆ ತೆರೆದಿರುವ ಬಾಗಿಲಿನವರೊಡನೆ ಎರಡು ಮಾತಾಡಬೇಕು. ಇಪ್ಪತ್ತನೆಯ ಮಹಡಿಯ ಮನೆಯಿಂದ ಲಿಫ್ಟಿನಲ್ಲಿ ನೇರವಾಗಿ ಕಾರಿನ ಬಳಿಗೆ ಇಳಿದು, ಕಾರಿನಲ್ಲೇ ಗೇಟು ದಾಟುವ ವ್ಯವಸ್ಥೆಯಲ್ಲಿ ಎಂಥ ಸ್ನೇಹಜೀವಿಗಾದರೂ ನೆರೆಯವರ ಮುಖ ನೋಡುವ ಸಂದರ್ಭವೇ ಒದಗುವುದಿಲ್ಲ. ಇದು ಅಲ್ಲಿನವರ ಸ್ವಭಾವದ ದೋಷವಲ್ಲ, ಕಟ್ಟಡದ ದೋಷ.

1920, 30ರ ದಶಕಗಳಲ್ಲಿ ಇಲ್ಲಿನ ಮನೆಗಳಿಗೆ ಬಂದು ಸೇರಿದವರಲ್ಲಿ ದಕ್ಷಿಣದವರು ಬಹಳ. ಫೋರ್ಟ್ ಭಾಗದ ಕಚೇರಿಗಳಲ್ಲಿ, ರೈಲ್ವೆಯಲ್ಲಿ, ಬ್ಯಾಂಕು ವಿಮೆಗಳಲ್ಲಿ ಗುಮಾಸ್ತರಾಗಿ, ಟೈಪಿಸ್ಟರಾಗಿ, ಲೆಕ್ಕಿಗರಾಗಿ ಕೆಲಸ ಹಿಡಿದು ತಮಿಳು ಸೀಮೆಯಿಂದ, ಪಾಲಕ್ಕಾಡಿನಿಂದ, ನಮ್ಮ ಉಡುಪಿ ಮಂಗಳೂರಿನ ಕಡೆಯಿಂದ, ಮೈಸೂರು ಸೀಮೆಯಿಂದ ಬಂದವರು ಅವರು. ಚಾಳುಗಳಲ್ಲಿ ಹತ್ತು ಸಂಸಾರಕ್ಕೊಂದು ಬಚ್ಚಲು, ಒಂದು ನಲ್ಲಿ ಇದ್ದ ಕಾಲದಲ್ಲಿ ಮನೆಯೊಳಗೇ ಬಚ್ಚಲು ಶೌಚಾಲಯ ಇರುವ ಫ್ಲಾಟುಗಳು ಇಲ್ಲಿ ಮಧ್ಯಮ ವರ್ಗದ ಬಾಡಿಗೆಗೆ ದೊರೆತದ್ದು ಅವರಿಗೆ ದೊಡ್ಡ ಆಕರ್ಷಣೆಯಾಗಿತ್ತು. ಕಿಂಗ್ಸ್ ಸರ್ಕಲ್‌ವರೆಗೆ ಟ್ರಾಂ ಬರುತ್ತಿತ್ತು. 1964ರಲ್ಲಿ ಮುಂಬಯಿಯಲ್ಲಿ ಟ್ರಾಂ ಓಡಾಟವೇ ನಿಂತಿತು. ರೈಲಿನ ಅನುಕೂಲ ಮಾತ್ರ ಇವತ್ತಿಗೂ ಹಾಗೆಯೇ ಇದೆ. ಮಧ್ಯ ರೈಲ್ವೆಯ ಮಾಟುಂಗ, ಪಶ್ಚಿಮ ರೈಲ್ವೆಯ ಮಾಟುಂಗ ರೋಡ್, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್, ಈ ಮೂರೂ ನಿಲ್ದಾಣಗಳಿಗೆ ನಡೆದೇ ಹೋಗಬಹುದು. ಇವುಗಳಲ್ಲಿ ಮೊದಲನೆಯದನ್ನು 2017ರಲ್ಲಿ ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೆ ಒಪ್ಪಿಸಲಾಯಿತು. ದೇಶಕ್ಕೇ ಸುದ್ದಿಯಾದ ಆ ಬದಲಾವಣೆ ನಮಗೆ ದಿನನಿತ್ಯದ ಪರಿಚಯವಾಗಿ ದಕ್ಕಿತು.

ಈ ನೆರೆಹೊರೆಯ ನಿಜವಾದ ಹೃದಯವಿರುವುದು ಮಾತ್ರ ರೈಲು ನಿಲ್ದಾಣದ ಆಚೀಚಿನ ಪೇಟೆಯಲ್ಲಿ. ಬೆಳಗ್ಗೆ ಏಳರ ಹೊತ್ತಿಗೆ ಅಲ್ಲಿಗೆ ಬಂದವರಿಗೆ ಒಂದು ಕ್ಷಣ ತಾವು ಮಹಾರಾಷ್ಟ್ರದಲ್ಲಿದ್ದೇವೆಂಬುದೇ ಮರೆತುಹೋದರೆ ಆಶ್ಚರ್ಯವಿಲ್ಲ. ಮುಂಬಯಿಯ ಬೇರೆ ಮಾರುಕಟ್ಟೆಗಳಲ್ಲಿ ಹೆಸರು ಹೇಳಿದರೂ ಅರ್ಥವಾಗದ ಬಾಳೆದಿಂಡು, ಬಾಳೆಹೂವು, ಮಂಗಳೂರು ಸೌತೆ, ಹರಿವೆ, ಕೆಸುವಿನೆಲೆ, ಎಳೆ ಹಲಸಿನಕಾಯಿ ಇಲ್ಲಿ ಸಾಲಾಗಿ ಹರಡಿಕೊಂಡಿರುತ್ತವೆ. ಕರಿಬೇವನ್ನು ಎರಡು ಎಸಳು ಕೊಸರಿಗೆ ಹಾಕುವುದಲ್ಲ, ಕಟ್ಟುಕಟ್ಟಾಗಿ ಮಾರುತ್ತಾರೆ. ದೇವಸ್ಥಾನಗಳ ಬದಿಯ ಹೂವಿನ ಸಾಲಿನಲ್ಲಿ ಮಲ್ಲಿಗೆ, ಕನಕಾಂಬರ, ಮರುಗ, ತುಳಸಿಗಳನ್ನು ಬೆರಳು ಕಾಣದ ವೇಗದಲ್ಲಿ ಕಟ್ಟುತ್ತ ಕುಳಿತವರು ತಲೆಯೆತ್ತದೆಯೇ ಹೆಜ್ಜೆಯ ಸದ್ದಿನಿಂದ ಗಿರಾಕಿ ಯಾರೆಂದು ತಿಳಿಯುತ್ತಾರೆ.

ಬಾಳೆಎಲೆ ಮಾರುವವರೊಬ್ಬರ ವಿಷಯವನ್ನು ಇಲ್ಲಿ ಹೇಳಲೇಬೇಕು. ಎಷ್ಟು ಎಲೆ ಬೇಕೆಂದು ಕೇಳಿದ ಕೂಡಲೇ ಅವರು ದಿನವನ್ನೂ ಸಂಖ್ಯೆಯನ್ನೂ ಮನಸ್ಸಿನಲ್ಲೇ ತಾಳೆ ಹಾಕಿ ಮನೆಯಲ್ಲಿ ಹಬ್ಬವೋ ಹುಟ್ಟುಹಬ್ಬವೋ ತಿಥಿಯೋ ಎಂದು ಊಹಿಸುತ್ತಾರೆ. ತಿಥಿಯ ದಿನವಾದರೆ ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಒಳಗೆ ಒದ್ದೆ ಗೋಣಿಯಡಿ ಮುಚ್ಚಿಟ್ಟ, ತುದಿ ಹರಿಯದ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿ, ಒರೆಸಿ, ಸುರುಳಿ ಸುತ್ತಿ, ಬಾಳೆನಾರಿನಿಂದಲೇ ಕಟ್ಟಿ ಕೊಡುತ್ತಾರೆ. ನಮ್ಮ ಮಾವನವರ ತಿಥಿ ಆಷಾಢದಲ್ಲಿ ಬರುತ್ತದೆಂಬುದನ್ನು ಅವರಿಗೆ ನಾನೆಂದೂ ಹೇಳಿದ್ದಿಲ್ಲ. ಆದರೂ ಒಂದು ವರ್ಷ ಜೋರು ಮಳೆಯಿಂದಾಗಿ ನಾನು ಪೇಟೆಗೆ ಇಳಿಯಲಾಗದೆ ಹೋದಾಗ ಅವರ ಮಗ ಕೊಡೆ ಹಿಡಿದು ಎಲೆಯ ಸುರುಳಿಯನ್ನು ಮನೆಗೆ ತಂದು ಕೊಟ್ಟು, ದುಡ್ಡು ನಾಳೆ ಕೊಡಿ ಎಂದು ಮೆಟ್ಟಿಲಿಳಿದು ಹೋದ.

ಕಾಫಿಪುಡಿಯ ಅಂಗಡಿಯದೂ ಇದೇ ಬಗೆ. ಬೀಜ ಹುರಿಯುವ ಯಂತ್ರ ಹೊರಳಲು ತೊಡಗಿದರೆ ಇಡೀ ರಸ್ತೆಗೆ ಘಮ ಹಬ್ಬುತ್ತದೆ. ಯಾವ ಮನೆಗೆ ಎಷ್ಟು ಚಿಕೋರಿ, ಯಾರಿಗೆ ಪ್ಲಾಂಟೇಶನ್ ಬೀಜ ಹೆಚ್ಚು, ಯಾರಿಗೆ ಪೀಬೆರಿ ಎಂಬುದೆಲ್ಲ ಅಂಗಡಿಯವರ ನಾಲಿಗೆಯ ತುದಿಯಲ್ಲಿರುತ್ತದೆ. ಅತ್ತೆಯವರು ತೀರಿಕೊಂಡ ತಿಂಗಳು ನಾನು ಎಂದಿನ ಅರ್ಧ ಕಿಲೋದ ಬದಲು ಕಾಲು ಕಿಲೋ ಸಾಕೆಂದಾಗ ಅಂಗಡಿಯ ಹಿರಿಯರು ಪುಡಿ ಮಾಡುತ್ತಿದ್ದ ಯಂತ್ರವನ್ನು ನಿಲ್ಲಿಸಿ ಗಲ್ಲೆಯ ಹಿಂದಿನಿಂದ ಎದ್ದು ಬಂದರು. "ಅಮ್ಮ ಹುಷಾರಿದ್ದಾರಲ್ಲ?" ಎಂದು ಅವರು ತಮಿಳಿನಲ್ಲಿ ಕೇಳಿದ್ದಕ್ಕೆ ನಾನು ಕನ್ನಡದಲ್ಲಿ ಉತ್ತರಿಸಿದೆ. ಕಾಲು ಕಿಲೋ ಎಂಬ ಒಂದು ಮಾತಿನಿಂದ ಮನೆಯಲ್ಲಿ ಏನಾಗಿದೆಯೆಂದು ಅವರಿಗೆ ಅನುಮಾನ ಬಂದಿತ್ತು. ಆ ತಿಂಗಳಲ್ಲಿ ಎಷ್ಟೋ ಜನ ಫೋನ್ ಮಾಡಿ ಸಾಂತ್ವನ ಹೇಳಿದ್ದರು. ನನ್ನ ಕಣ್ಣು ತುಂಬಿದ್ದು ಮಾತ್ರ ಆ ಅಂಗಡಿಯಲ್ಲಿ.

ಹೋಟೆಲುಗಳ ಬಗ್ಗೆ ಬರೆಯದೆ ಮಾಟುಂಗದ ಬಗ್ಗೆ ಬರೆಯಲಾಗದು. ಕನ್ನಡಿಗರಿಗೆ ಈ ಜಾಗದೊಡನೆ ಇರುವ ಗಟ್ಟಿ ಕೊಂಡಿಯೇ ಅದು. 1939ರ ರಾಮ ಆಶ್ರಯ, 1940ರ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರು ನಿಲ್ದಾಣದ ಬಳಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಅವಕ್ಕಿಂತಲೂ ಹಿಂದಿನ ಕೆಫೆ ಮೈಸೂರು, ಇವೆಲ್ಲವೂ ಕರಾವಳಿಯಿಂದ ಬರಿಗೈಯಲ್ಲಿ ಬಂದವರು ಕಟ್ಟಿ ಬೆಳೆಸಿದ ಹೋಟೆಲುಗಳು. ಸಂಸಾರವನ್ನು ಊರಲ್ಲಿ ಬಿಟ್ಟು ಕೋಣೆಗಳಲ್ಲಿ ನಾಲ್ಕೈದು ಜನ ಒಟ್ಟಾಗಿ ಬದುಕುತ್ತಿದ್ದ ಗುಮಾಸ್ತರಿಗೆ, ಸುತ್ತಲಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮನೆಯೂಟಕ್ಕೆ ಹತ್ತಿರವಾದ ಊಟ ಹಾಕುವುದು ಬೋರ್ಡಿಂಗುಗಳ ಕೆಲಸವಾಗಿತ್ತು. 1923ರಲ್ಲಿ ಇಲ್ಲಿಗೆ ಬಂದ ವಿಜೆಟಿಐ ಎಂಜಿನಿಯರಿಂಗ್ ಕಾಲೇಜು, 1937ರ ರುಯಿಯಾ ಕಾಲೇಜು, ಆ ಬಳಿಕದ ಪೋದಾರ್ ಕಾಲೇಜು, ಎಲ್ಲವೂ ಕೂಗಳತೆಯಲ್ಲಿರುವುದರಿಂದ ಹುಡುಗರಿಗೆ ಕೊರತೆಯಿರಲಿಲ್ಲ. ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಆದ ಒಂದು ತಲೆಮಾರೇ ಮುಂಬಯಿಯಲ್ಲಿತ್ತು. ಅವರ ಬಗ್ಗೆ ನನಗಿರುವ ಗೌರವವನ್ನು ಈ ಒಂದು ಸಾಲಿನಲ್ಲಿ ಹೇಳಿ ಮುಗಿಸಲಾಗದು. ಅದಕ್ಕೆ ಬೇರೆಯೇ ಬರಹ ಬೇಕು.

ರಾಮ ನಾಯಕರ ಬೋರ್ಡಿಂಗ್ ಇರುವುದು ಮಾರುಕಟ್ಟೆ ಕಟ್ಟಡದ ಮಹಡಿಯಲ್ಲಿ. ಅಲ್ಲಿ ಬಾಳೆಎಲೆಯ ಊಟಕ್ಕೆ ಕುಳಿತರೆ ಎಡಕ್ಕೆ ರೈಲ್ವೆಯ ನಿವೃತ್ತ ನೌಕರರು, ಬಲಕ್ಕೆ ಗುಜರಾತಿ ದಂಪತಿ, ಎದುರಿಗೆ ಕಾಲೇಜಿನ ಹುಡುಗಿಯರು, ಹೀಗೆ ಯಾರು ಬೇಕಾದರೂ ಇರಬಹುದು. ಕೆಫೆ ಮದ್ರಾಸಿನ ಹೊರಗೆ ಭಾನುವಾರ ಬೆಳಗ್ಗೆ ಹೆಸರು ಬರೆಸಿ ಕಾಯುವವರ ಗುಂಪು ಕಾಲುದಾರಿಯನ್ನೇ ತುಂಬಿಬಿಡುತ್ತದೆ. ಒಳಗೆ ನಾಲ್ಕು ಕುರ್ಚಿಯ ಮೇಜಿನಲ್ಲಿ ಇಬ್ಬರೇ ಕುಳಿತಿದ್ದರೆ ಉಳಿದೆರಡು ಕುರ್ಚಿಗೆ ಅಪರಿಚಿತರು ಬಂದು ಕೂರುವುದೇ ವಾಡಿಕೆ. ಅದಕ್ಕೆ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಹೀಗೆ ಒಂದೇ ಮೇಜಿಗೆ ಕುಳಿತು, ಚಟ್ನಿಯ ಬಟ್ಟಲನ್ನು ಅತ್ತಿತ್ತ ಸರಿಸುತ್ತ ಪರಿಚಯವಾದವರು ನನಗೆ ಕೆಲವರಿದ್ದಾರೆ. ಅವರಲ್ಲೊಬ್ಬರು ನಮ್ಮದೇ ರಸ್ತೆಯ ತುದಿಯಲ್ಲಿರುವ ಪಾರ್ಸಿ ಮಹಿಳೆ. ಪಕ್ಕದ ಪಾರ್ಸಿ ಕಾಲೊನಿಯಿಂದ ಅವರ ಕುಟುಂಬ ಈಚೆಗೆ ಬಂದು ಬಹಳ ಕಾಲವಾಯಿತು. ನವರೋಜಿನ ದಿನ ಅವರ ಮನೆಯಿಂದ ರವೆಯ ಸಿಹಿ ಬರುತ್ತದೆ, ಚೌತಿಗೆ ನಮ್ಮ ಮನೆಯಿಂದ ಕಡುಬು ಹೋಗುತ್ತದೆ.

ಸಂಘ ಸಂಸ್ಥೆಗಳ ಮಾತಿಗೆ ಬಂದರೆ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ನಮ್ಮ ಭಾವೂದಾಜಿ ರಸ್ತೆಯಲ್ಲೇ ಇದೆ. ಅಲ್ಲಿನ ನಾಟಕಗಳು, ಉಪನ್ಯಾಸಗಳು, ಗ್ರಂಥಾಲಯ ಇಲ್ಲದಿದ್ದರೆ ನನ್ನ ಮಕ್ಕಳ ಕನ್ನಡ ಅಡುಗೆಮನೆಯ ಕನ್ನಡವಾಗಿಯೇ ಉಳಿಯುತ್ತಿತ್ತು. ತಮಿಳರು, ಮಲಯಾಳಿಗಳು ನಡೆಸುವ ಆಸ್ತಿಕ ಸಮಾಜದ ಗುಡಿಗೆ ಸಂಜೆ ಹೋದರೆ ಭಜನೆಯ ಸಾಲುಗಳಲ್ಲಿ ನಾಲ್ಕು ಭಾಷೆ ಕೇಳಿಸುತ್ತವೆ. ಆಂಧ್ರದವರಿಗೆ ತಮ್ಮ ಮಹಾಸಭೆಯಿದೆ. 1932ರಲ್ಲಿ ಆರಂಭವಾದ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿಯ ಶಾಲೆಯಲ್ಲಿ ಅಜ್ಜ, ಅಪ್ಪ, ಮಗಳು ಮೂವರೂ ಓದಿದ ಮನೆಗಳು ನಮ್ಮ ರಸ್ತೆಯಲ್ಲಿವೆ. 1963ರಲ್ಲಿ ಕಟ್ಟಿದ ಷಣ್ಮುಖಾನಂದ ಸಭಾಂಗಣ 1990ರಲ್ಲಿ ಬೆಂಕಿಗೆ ಆಹುತಿಯಾದಾಗ ನಮ್ಮ ಕಡೆಯ ಹಿರಿಯರು ಸ್ವಂತ ಮನೆ ಸುಟ್ಟವರಂತೆ ಅತ್ತದ್ದನ್ನು ಈಗಲೂ ನೆನೆಯುತ್ತಾರೆ. ಅದು ಮತ್ತೆ ಎದ್ದು ನಿಂತಿತು; ಸಂಗೀತ ಕಚೇರಿ ಮುಗಿದ ರಾತ್ರಿ ಸಭಾಂಗಣದಿಂದ ಹೊರಟವರು ಗುಂಪುಗುಂಪಾಗಿ, ಕೇಳಿದ ರಾಗದ ಬಗ್ಗೆ ಗಟ್ಟಿಯಾಗಿ ವಾದಿಸುತ್ತ ಮನೆಗೆ ನಡೆದು ಹೋಗುವುದೂ ಮತ್ತೆ ಆರಂಭವಾಯಿತು.

ಗಣೇಶ ಚತುರ್ಥಿಯ ಐದು ದಿನ ಕಿಂಗ್ಸ್ ಸರ್ಕಲ್ಲಿನ ಗೌಡ ಸಾರಸ್ವತ ಬ್ರಾಹ್ಮಣರ ಜಿಎಸ್‌ಬಿ ಸೇವಾ ಮಂಡಲದ ಗಣಪತಿಗೆ ಮುಂಬಯಿಯ ಮೂಲೆಮೂಲೆಗಳಿಂದ ಜನ ಬರುತ್ತಾರೆ. 1950ರ ದಶಕದಿಂದ ನಡೆದು ಬಂದಿರುವ ಈ ಉತ್ಸವದಲ್ಲಿ ಹಗಲೂ ರಾತ್ರಿಯೂ ಪೂಜೆ, ತುಲಾಭಾರ, ಅನ್ನಸಂತರ್ಪಣೆಗಳು ಎಡೆಬಿಡದೆ ಸಾಗುತ್ತವೆ. ಪತ್ರಿಕೆಗಳು ಆ ಮೂರ್ತಿಯ ಬಂಗಾರದ ಬಗ್ಗೆ ಬರೆಯುತ್ತವೆ. ನನಗೆ ಅದಕ್ಕಿಂತ ಹೆಚ್ಚಿನದಾಗಿ ಕಾಣುವುದು ಪಂಕ್ತಿಯಲ್ಲಿ ಬಡಿಸುವ ಹುಡುಗರು. ಬ್ಯಾಂಕಿನಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿರುವವರು, ಮನೆ ಬದಲಿಸಿ ಮುಲುಂಡ್, ಬೋರಿವಲಿಗಳಿಗೆ ಹೋದವರು, ಆ ಐದು ದಿನ ರಜೆ ಹಾಕಿ ಬಂದು ಪಂಚೆ ಕಟ್ಟಿ ಸಾರಿನ ಬಕೆಟ್ ಹಿಡಿಯುತ್ತಾರೆ. ಮಾಟುಂಗವನ್ನು ಬಿಟ್ಟು ಹೋದವರೂ ಮಾಟುಂಗದವರಾಗಿಯೇ ಉಳಿಯುತ್ತಾರೆ.

ಇದನ್ನೆಲ್ಲ ಓದಿದವರು ಇದು ದಕ್ಷಿಣದವರೇ ಕೂಡಿಕೊಂಡ ಕೇರಿಯೆಂದು ಭಾವಿಸಿದರೆ ಅದು ಈಗಿನ ಚಿತ್ರವಲ್ಲ. ಸಂಸಾರಗಳು ದೊಡ್ಡದಾದಂತೆ ತಮಿಳರೂ ನಮ್ಮವರೂ ಚೆಂಬೂರು, ಮುಲುಂಡ್, ಡೊಂಬಿವಲಿಗಳ ಕಡೆಗೆ ಸರಿದರು. ಅವರು ಬಿಟ್ಟ ಮನೆಗಳಿಗೆ ಗುಜರಾತಿಗಳು, ಅದರಲ್ಲೂ ಕಛ್ ಪ್ರಾಂತದ ಜೈನರು, ಹೆಚ್ಚಾಗಿ ಬಂದರು. ನಮ್ಮ ಕಟ್ಟಡದಲ್ಲಿ ಈಗ ಕನ್ನಡದ ಮನೆ ನಮ್ಮದೊಂದೇ. ಎದುರಿನ ಕಛೀ ಮನೆಯ ಸೊಸೆ ನನ್ನಿಂದ ಇಡ್ಲಿ ಹಿಟ್ಟಿನ ಹದ ಕಲಿತಿದ್ದಾಳೆ, ನಾನು ಅವಳಿಂದ ಖಾಕ್ರ ಸುಡುವುದನ್ನು ಕಲಿತಿದ್ದೇನೆ. ಭಾಷೆ, ಜಾತಿ, ಊರು ಒಂದೇ ಆಗಿದ್ದವರ ನಡುವೆ ಆಪ್ತತೆ ಬೆಳೆಯುವುದು ಸುಲಭ. ಏನೂ ಸಮಾನವಿಲ್ಲದವರ ನಡುವೆ, ಬರೀ ಒಂದೇ ಮೆಟ್ಟಿಲು, ಒಂದೇ ಪೇಟೆ, ಒಂದೇ ನೀರಿನ ಹೊತ್ತು ಇವುಗಳಿಂದಾಗಿ ಬೆಳೆಯುವ ಆಪ್ತತೆಯ ಬೆಲೆಯೇ ಬೇರೆ ಎಂದು ನಾನು ನಂಬುತ್ತೇನೆ.

ಆ ಆಪ್ತತೆ ಕಷ್ಟಕ್ಕೆ ಒದಗುತ್ತದೆಯೇ? 2005ರ ಜುಲೈ 26ರಂದು ಇದು ಪರೀಕ್ಷೆಗೆ ಒಳಗಾಯಿತು. ಸಾಂತಾಕ್ರೂಜಿನ ಮಳೆಮಾಪಕದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾದ ದಿನ ಅದು. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಪ್ರದೇಶ ತಗ್ಗಿನದಾದ್ದರಿಂದ ಸಾಧಾರಣ ಮಳೆಗೇ ಅಲ್ಲಿ ಮೊಣಕಾಲುಮಟ್ಟ ನೀರು ನಿಲ್ಲುತ್ತದೆ. ಆ ಸಂಜೆ ರಸ್ತೆ ಯಾವುದು, ಚರಂಡಿ ಯಾವುದು ಎಂಬುದೇ ತಿಳಿಯದಂತಾಗಿತ್ತು. ರೈಲುಗಳು ನಿಂತವು, ಫೋನುಗಳು ಸತ್ತವು, ಫೋರ್ಟಿನಿಂದ ಮನೆಯ ಕಡೆಗೆ ನಡೆದು ಹೊರಟವರು ಸಾವಿರಾರು ಸಂಖ್ಯೆಯಲ್ಲಿ ಅಂಬೇಡ್ಕರ್ ರಸ್ತೆಯುದ್ದಕ್ಕೂ ಸಾಲುಗಟ್ಟಿದರು. ನೆಲಮಹಡಿಯ ಮನೆಗಳ ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕಗಳನ್ನು ನಾವು ಕೈಯಿಂದ ಕೈಗೆ ದಾಟಿಸುತ್ತ ಮಹಡಿಗೆ ಏರಿಸಿದೆವು. ಕತ್ತಲಾದ ಮೇಲೆ ಮೆಟ್ಟಿಲ ಮೇಲೆಲ್ಲ ದಾರಿಹೋಕರು ಕುಳಿತಿದ್ದರು. ಯಾವ ಮನೆಯವರು ಅಕ್ಕಿ ಕೊಟ್ಟರು, ಯಾರು ಸ್ಟವ್ ಹಚ್ಚಿದರು ಎಂಬುದು ನೆನಪಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ದೊಡ್ಡ ಪಾತ್ರೆಯ ತುಂಬ ಬಿಸಿ ಖಿಚಡಿ, ಅದರ ಪಕ್ಕ ನಮ್ಮ ಮನೆಯ ಉಪ್ಪಿನಕಾಯಿಯ ಭರಣಿ ಇದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಅಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿದ್ದ ಕಲ್ಯಾಣ್ ಊರಿನ ತಾಯಿ ಮಗಳು ಬೆಳಗ್ಗೆ ಹೊರಡುವಾಗ ನಮ್ಮ ಹೆಸರನ್ನೇ ಕೇಳಿರಲಿಲ್ಲವೆಂದು ಸಂಕೋಚಪಟ್ಟರು.

ಪ್ರವಾಹದಂಥ ದೊಡ್ಡ ಸಂದರ್ಭಕ್ಕೆ ಎಲ್ಲ ಊರುಗಳಲ್ಲೂ ಜನ ಮುಂದೆ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ಅದೂ ನಿಜವೇ. ಹಾಗಾಗಿ ನಾನು ಹೆಚ್ಚು ಬೆಲೆ ಕೊಡುವುದು ಸಣ್ಣ ಸಂಗತಿಗಳಿಗೆ. ನಮ್ಮ ಬಾಗಿಲಿನ ಒಳಬದಿಯ ಮೊಳೆಗೆ ನಾಲ್ಕು ಮನೆಗಳ ಬೀಗದ ಕೈಗಳು ತೂಗುತ್ತಿವೆ. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ವೃದ್ಧ ಶಿಕ್ಷಕಿಯ ಬಾಗಿಲಲ್ಲಿ ಹಾಲಿನ ಪೊಟ್ಟಣ ಏಳೂವರೆಯ ಮೇಲೂ ಹಾಗೇ ಬಿದ್ದಿದ್ದರೆ ಮೊದಲು ನೋಡಿದವರು ಗಂಟೆ ಒತ್ತಬೇಕು, ಉತ್ತರ ಬಾರದಿದ್ದರೆ ನಮ್ಮಲ್ಲಿರುವ ಬೀಗದ ಕೈಯಿಂದ ಬಾಗಿಲು ತೆರೆಯಬೇಕು. ಇದನ್ನು ಯಾವ ಸಭೆಯಲ್ಲೂ ನಿರ್ಣಯಿಸಿದ್ದಲ್ಲ, ಅಭ್ಯಾಸದಿಂದ ಬಂದದ್ದು. ಒಮ್ಮೆ ಹಾಗೆ ಬಾಗಿಲು ತೆರೆದಾಗ ಅವರು ಬಚ್ಚಲಿನಲ್ಲಿ ಜಾರಿಬಿದ್ದು ಏಳಲಾಗದೆ ಇದ್ದರು. ಸೊಂಟದ ಮೂಳೆ ಮುರಿದಿತ್ತು. ಇಸ್ತ್ರಿ ಅಂಗಡಿಯವನೂ ಮೂಲೆಯ ಔಷಧಿ ಅಂಗಡಿಯ ಹುಡುಗನೂ ಕುರ್ಚಿಯಲ್ಲಿ ಕೂರಿಸಿ ಅವರನ್ನು ಕೆಳಗಿಳಿಸಿದರು. ಅಮೆರಿಕದಲ್ಲಿರುವ ಅವರ ಮಗ ಬಂದು ತಲಪುವವರೆಗೆ ರಾತ್ರಿ ಆಸ್ಪತ್ರೆಯಲ್ಲಿ ಉಳಿಯುವ ಸರದಿಯನ್ನು ಕಟ್ಟಡದ ಹೆಂಗಸರೆಲ್ಲ ಹಂಚಿಕೊಂಡೆವು.

ಪರಸ್ಪರ ಪರಿಚಯವಿರುವ ಜನ ಊರಿಗೂ ಏನಾದರೂ ಮಾಡಬಲ್ಲರು ಎಂಬುದಕ್ಕೆ ಮಾಟುಂಗದ ಮೇಲ್ಸೇತುವೆಯ ಕೆಳಗಿನ ಉದ್ಯಾನವೇ ಸಾಕ್ಷಿ. ಅಂಬೇಡ್ಕರ್ ರಸ್ತೆಯ ಸೇತುವೆ ಮುಗಿದ ಮೇಲೆ ಅದರ ಅಡಿಯ ಜಾಗ ಇಂಥ ಎಲ್ಲ ಜಾಗಗಳಂತೆ ವಾಹನಗಳ ನಿಲ್ದಾಣವೂ ಕಸದ ತೊಟ್ಟಿಯೂ ಆಗುವುದರಲ್ಲಿತ್ತು. ಸುತ್ತಲಿನ ನಿವಾಸಿಗಳು ಸ್ವಂತ ಹಣದಿಂದ ಕಾವಲುಗಾರರನ್ನು ನೇಮಿಸಿ ಆ ಜಾಗವನ್ನು ಕಾದರು, ಮಹಾನಗರ ಪಾಲಿಕೆಗೆ ಪಟ್ಟುಬಿಡದೆ ಅರ್ಜಿಗಳನ್ನು ಬರೆದರು, ಕೊನೆಗೆ ಪಾಲಿಕೆಯೇ ಅಲ್ಲಿ ನಾನಾಲಾಲ್ ಡಿ. ಮೆಹತಾ ಉದ್ಯಾನವನ್ನು ನಿರ್ಮಿಸಿತು. ಸುಮಾರು 600 ಮೀಟರ್ ಉದ್ದದ ಅದರ ನಡಿಗೆಯ ಹಾದಿಯನ್ನು ನರ್ಮದಾ ನದಿಯ ಹರಿವಿನಂತೆ ಬಳುಕಿಸಿದ್ದಾರೆ. ತಲೆಯ ಮೇಲೆ ಲಾರಿಗಳು ಗುಡುಗುತ್ತಿರುತ್ತವೆ, ಎರಡೂ ಬದಿಗೆ ಬಸ್ಸುಗಳು. ನಡುವೆ ಮಳೆಗೂ ಬಿಸಿಲಿಗೂ ಅಂಜದೆ ಹಿರಿಯರು ನಡೆಯುತ್ತಾರೆ, ಮಕ್ಕಳು ಓಡುತ್ತಾರೆ. ಪಾಲಿಕೆಯ ಕಚೇರಿಗೆ ಹತ್ತಾರು ಸಲ ಅಲೆಯಲು ಜನ ಒಗ್ಗಟ್ಟಾಗಿ ಹೊರಟದ್ದು ಅವರು ಅದಕ್ಕೂ ಮೊದಲೇ ತರಕಾರಿಯ ಸಾಲಿನಲ್ಲಿ, ಶಾಲೆಯ ಗೇಟಿನಲ್ಲಿ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರಿಂದ.

ಇಷ್ಟು ಪ್ರೀತಿಯಿಂದ ಬರೆಯುವಾಗ ಇಲ್ಲಿನ ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ. ಪರಿಚಿತರ ಕಣ್ಣು ಯಾವಾಗಲೂ ಕಾಯುವ ಕಣ್ಣಲ್ಲ, ಕೆಲವೊಮ್ಮೆ ಅಳೆಯುವ ಕಣ್ಣೂ ಹೌದು. ಮಗಳು ಎಷ್ಟು ಹೊತ್ತಿಗೆ ಬಂದಳು, ಯಾರ ಜೊತೆ ಬಂದಳು ಎಂಬುದು ನಮಗಿಂತ ಮೊದಲು ರಸ್ತೆಗೆ ತಿಳಿಯುತ್ತದೆ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು, ಮನೆ ಬಾಡಿಗೆಗೆ ಕೇಳಿ ಬಂದವರ ಹೆಸರು, ಧರ್ಮ, ಊಟಗಳನ್ನು ವಿಚಾರಿಸಿ ಬಾಗಿಲು ಹಾಕುವ ರೂಢಿ. ನನ್ನೊಂದಿಗೆ ಕೆಲಸ ಮಾಡುತ್ತಿದ್ದ ಮುಸ್ಲಿಂ ಗೆಳತಿಗೆ ಈ ಸುತ್ತಿನಲ್ಲಿ ಮನೆ ಹುಡುಕಲು ನಾನೇ ಜೊತೆಗೆ ತಿರುಗಿದ್ದೆ. ಮಾತು ಮುಗಿಯುವ ಹಂತಕ್ಕೆ ಬಂದ ಮನೆಗಳೂ ಹೆಸರು ಕೇಳಿದ ಮೇಲೆ ಖಾಲಿಯಿಲ್ಲವಾದವು. ಹೊರಗಿನವರಾಗಿ ಬಂದು ನೆಲೆ ಕಂಡುಕೊಂಡವರೇ ಕಟ್ಟಿದ ಬಡಾವಣೆಯಿದು. ಅದು ಹೊಸಬರಿಗೆ ಬಾಗಿಲು ಹಾಕುವುದನ್ನು ಒಪ್ಪಿಕೊಳ್ಳಲು ನನ್ನಿಂದ ಸಾಧ್ಯವಿಲ್ಲ, ಮತ್ತು ಇದನ್ನು ನಮ್ಮ ಕಟ್ಟಡದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ.

ಈಗ ನಮ್ಮ ಮುಂದಿರುವ ದೊಡ್ಡ ಪ್ರಶ್ನೆ ಹಳೆಯ ಕಟ್ಟಡ ಕೆಡವಿ ಹೊಸದನ್ನು ಕಟ್ಟುವ ರಿಡೆವಲಪ್‌ಮೆಂಟ್. 1947ರ ಬಾಡಿಗೆ ಕಾಯ್ದೆ ಬಾಡಿಗೆಗಳನ್ನು ಹಿಡಿದು ನಿಲ್ಲಿಸಿದ್ದರಿಂದ ನಮ್ಮಂಥವರಿಗೆ ನಗರದ ನಡುವೆ ಉಳಿಯಲು ಸಾಧ್ಯವಾಯಿತು; ಅದೇ ಕಾರಣಕ್ಕೆ ಮಾಲೀಕರು ದುರಸ್ತಿಗೆ ಕೈ ಹಾಕಲಿಲ್ಲ. ತೊಲೆಗಳು ತುಕ್ಕು ಹಿಡಿದಿವೆ, ಬಾಲ್ಕನಿಗಳಿಗೆ ಊರೆ ಕೊಟ್ಟಿದ್ದಾರೆ. ಹಳೆಯದೆಲ್ಲ ಹಾಗೇ ಇರಲಿ ಎನ್ನುವಷ್ಟು ಮೊಂಡುತನ ನನಗಿಲ್ಲ. ಸೊಂಟ ಮುರಿದುಕೊಂಡ ಶಿಕ್ಷಕಿಗೆ ಲಿಫ್ಟ್ ಬೇಕೇ ಬೇಕು. ಆದರೆ ನಮ್ಮ ಸುತ್ತ ಈಗಾಗಲೇ ಎದ್ದಿರುವ ಗೋಪುರಗಳನ್ನು ನೋಡಿದರೆ, ಮೊದಲ ಕೆಲವು ಮಹಡಿ ಕಾರುಗಳಿಗೆ, ರಸ್ತೆಯ ಕಡೆಗೆ ಕಿಟಕಿಯಿಲ್ಲದ ಎತ್ತರದ ಗೋಡೆ. ಅಲ್ಲಿದ್ದ ಇಸ್ತ್ರಿಯವನು, ಹೂವಿನವಳು, ಹಿಟ್ಟಿನ ಗಿರಣಿ ಎಲ್ಲರೂ ಚದುರಿಹೋಗಿದ್ದಾರೆ. ಆ ಗೋಡೆಯ ಬದಿಯಲ್ಲಿ ರಾತ್ರಿ ನಡೆಯುವಾಗ ನನಗೆ ನಮ್ಮ ರಸ್ತೆಯಲ್ಲೇ ಮೊದಲ ಬಾರಿ ಭಯವಾಯಿತು.

ಆದ್ದರಿಂದ ನಮ್ಮ ಕಟ್ಟಡದವರು ಒಪ್ಪಂದಕ್ಕೆ ಮೊದಲು ಒಂದು ಪಟ್ಟಿ ಮಾಡಿದ್ದೇವೆ. ನೆಲಮಹಡಿಯ ಐದು ಅಂಗಡಿಗಳು ರಸ್ತೆಗೆ ಮುಖಮಾಡಿಯೇ ಉಳಿಯಬೇಕು, ಈಗಿನ ಅಂಗಡಿಕಾರರಿಗೇ ಅವು ಸಿಗಬೇಕು, ಕಾರುಗಳು ಹಿಂಬದಿಗೆ ಹೋಗಬೇಕು, ಲಿಫ್ಟಿನ ಜೊತೆಗೆ ಅಗಲವಾದ, ಬೆಳಕಿರುವ ಮೆಟ್ಟಿಲು ಇರಬೇಕು. ನಾನು ಇಷ್ಟನ್ನು ಓದಿ ಮುಗಿಸಿದಾಗ ಎಂದೂ ಮಾತಾಡದ ಮೂರನೆಯ ಮಹಡಿಯ ತಮಿಳು ಹಿರಿಯರು ಎದ್ದು ನಿಂತು, ಪ್ರತಿ ಮಹಡಿಯ ತಿರುವಿನಲ್ಲಿ ಇಬ್ಬರು ಕೂರುವಷ್ಟು ಕಲ್ಲಿನ ಕಟ್ಟೆ ಬೇಕೆಂದು ಸೇರಿಸಿದರು. ಅದಕ್ಕೆ ಜಾಗ ಬಿಟ್ಟರೆ ಮನೆಗಳ ಅಳತೆ ತುಸು ಕಡಿಮೆಯಾಗುತ್ತದೆ ಎಂದು ವಾಸ್ತುಶಿಲ್ಪಿ ವಿವರಿಸಿದರು. ಕೈ ಎತ್ತಲು ಹೇಳಿದಾಗ ಎರಡು ಮನೆಗಳನ್ನು ಬಿಟ್ಟು ಉಳಿದವರೆಲ್ಲ ಆ ಕಡಿತಕ್ಕೆ ಒಪ್ಪಿದೆವು. ಪರಿಷ್ಕೃತ ನಕ್ಷೆ ಇನ್ನೂ ಬರಬೇಕಾಗಿದೆ. ಕಟ್ಟೆಗಳನ್ನೂ ಅಂಗಡಿಗಳನ್ನೂ ಅದರಲ್ಲಿ ಕಣ್ಣಾರೆ ನೋಡುವವರೆಗೆ ಯಾರೂ ಸಹಿ ಹಾಕಬಾರದೆಂದು ಮನೆಮನೆಗೆ ಹೋಗಿ ಹೇಳಿ ಬಂದಿದ್ದೇವೆ.